ಒಂಬೈನೂರು ಕೋಟಿಗೊಂದು ತಪ್ಪು

ಚಿನ್ನ ತೂಗುವ ತಕ್ಕಡಿಯಲ್ಲಿ ಗುಲಗಂಜಿಯಷ್ಟು ಕಡಿಮೆಯಾದರೂ ಅದು ಕಡಿಮೆಯೇ ಸರಿ. ಅಷ್ಟರಿಂದ ಕೊಂಡವನ ಸಂಸಾರ ಮುಳುಗಿಹೋಗಲಾರದು, ನಿಜ. ಆದರೆ ಮುಳುಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸಬೇಕಾದವನು ತೂಗಿ ಕೊಟ್ಟವನೆ, ಹಣ ತೆತ್ತವನೆ? 1994ನೆಯ ಇಸವಿಯ ಕೊನೆಯ ಎರಡು ತಿಂಗಳುಗಳಲ್ಲಿ ಈ ಹಳೆಯ ಪ್ರಶ್ನೆ ಹೊಸ ವೇಷ ತೊಟ್ಟು ಅಮೆರಿಕದಲ್ಲಿ ಕಾಣಿಸಿಕೊಂಡಿತು. ಒಂದು ಪಕ್ಷದಲ್ಲಿ, ಕಂಪ್ಯೂಟರಿನ ಮಿದುಳೆನಿಸಿದ ಚಿಪ್‌ಗಳನ್ನು ತಯಾರಿಸುವುದರಲ್ಲಿ ಅಗ್ರಗಣ್ಯವಾಗಿದ್ದ ಇಂಟೆಲ್ ಸಂಸ್ಥೆ. ಎದುರು ಪಕ್ಷದಲ್ಲಿ, ಒಬ್ಬರನ್ನೊಬ್ಬರು ಕಂಡರಿಯದ, ಸಂಘವಿಲ್ಲದ, ನಾಯಕನಿಲ್ಲದ ಗ್ರಾಹಕರು. ವ್ಯಾಜ್ಯಕ್ಕೆ ಕಾರಣವಾದುದು ಒಂದು ಭಾಗಾಕಾರದ ಲೆಕ್ಕ.

ಪೆಂಟಿಯಂ ಎಂಬ ಹೆಸರಿನ ಆ ಚಿಪ್ 1993ನೆಯ ಮಾರ್ಚ್ 22ರಂದು ಹೊರಬಂದಿತು. ಅಂಚೆಚೀಟಿಗಿಂತಲೂ ಚಿಕ್ಕದಾದ ಸಿಲಿಕಾನ್ ಬಿಲ್ಲೆಯ ಮೇಲೆ 31 ಲಕ್ಷ ಟ್ರಾನ್ಸಿಸ್ಟರುಗಳನ್ನು ಅಡಕಗೊಳಿಸಿದ್ದ ಆ ಸೃಷ್ಟಿ ಅಂದಿನ ಮಟ್ಟಿಗೆ ಅದ್ಭುತವೇ ಆಗಿತ್ತು. ಅದರ ನಿರ್ಮಾಣದ ಹೊಣೆ ಹೊತ್ತವರಲ್ಲಿ ಪ್ರಮುಖರಾದ ವಿನೋದ್ ಧಾಮ್ ಅವರು ದೆಹಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಪೆಂಟಿಯಂನ ಜನಕರೆಂದು ಭಾರತದಲ್ಲಿ ಇಂದಿಗೂ ಅವರ ಹೆಸರನ್ನು ಅಭಿಮಾನದಿಂದ ನೆನೆಯುವುದುಂಟು.

ಅದಕ್ಕೆ ಮೊದಲು ಕಂಪ್ಯೂಟರನ್ನು ಕೊಳ್ಳುವವರು ಪೆಟ್ಟಿಗೆಯ ಮೇಲಿನ ಹೆಸರನ್ನು ನೋಡುತ್ತಿದ್ದರೇ ಹೊರತು ಒಳಗಿನ ಚಿಪ್ ಯಾರದೆಂದು ವಿಚಾರಿಸುತ್ತಿರಲಿಲ್ಲ. ಇಂಟೆಲ್ ಸಂಸ್ಥೆಯು 1991ರಿಂದ ‘ಇಂಟೆಲ್ ಇನ್‌ಸೈಡ್’ ಎಂಬ ಜಾಹೀರಾತನ್ನು ಕೈಗೊಂಡು, ಆ ಮಾತಿನ ಚೀಟಿಯನ್ನು ಲಕ್ಷಾಂತರ ಯಂತ್ರಗಳ ಮುಖದ ಮೇಲೆ ಅಂಟಿಸಿತು. ಕಣ್ಣಿಗೆ ಬೀಳದ ಬಿಡಿಭಾಗವೊಂದು ಮನೆಮಾತಾಯಿತು. ವ್ಯಾಪಾರವೂ ಬೆಳೆಯಿತು. ಆದರೆ ಹೆಸರು ಹೇಳಿ ಮಾರಿದವನನ್ನು ಜನ ಹೆಸರು ಹಿಡಿದೇ ಕೇಳುತ್ತಾರೆಂಬ ಲೋಕರೂಢಿ ಆಗ ಯಾರ ಗಮನಕ್ಕೂ ಬಂದಂತೆ ತೋರಲಿಲ್ಲ.

ಪ್ರಾಧ್ಯಾಪಕರ ಸಂಶಯ

ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತ ಪ್ರಾಧ್ಯಾಪಕರಿದ್ದರು. ಅವರ ಆಸಕ್ತಿಯೆಲ್ಲ ಅವಳಿ ಅವಿಭಾಜ್ಯ ಸಂಖ್ಯೆಗಳಲ್ಲಿ. 3 ಮತ್ತು 5, 11 ಮತ್ತು 13, 29 ಮತ್ತು 31—ಹೀಗೆ ಎರಡರ ಅಂತರದಲ್ಲಿ ಜೊತೆಜೊತೆಯಾಗಿ ಬರುವ ಅವಿಭಾಜ್ಯಗಳಿಗೆ ಆ ಹೆಸರು. ಇಂತಹ ಪ್ರತಿಯೊಂದು ಸಂಖ್ಯೆಯಿಂದಲೂ 1ನ್ನು ಭಾಗಿಸಿ, ಬಂದ ಫಲಗಳನ್ನೆಲ್ಲ ಕೂಡಿಸುತ್ತ ಹೋದರೆ ಮೊತ್ತವು ಒಂದು ಮಿತಿಯನ್ನು ಎಂದಿಗೂ ದಾಟದೆಂದು ನಾರ್ವೆ ದೇಶದ ವಿಗ್ಗೊ ಬ್ರೂನ್ ಅವರು 1919ರಲ್ಲಿ ಸಾಧಿಸಿ ತೋರಿಸಿದ್ದರು. ಆ ಮಿತಿಯ ಬೆಲೆಯನ್ನು ಸಾಧ್ಯವಾದಷ್ಟು ನಿಖರವಾಗಿ ಕಂಡುಹಿಡಿಯಬೇಕೆಂದು ನೈಸ್ಲಿಯವರು ಹಲವು ಕಂಪ್ಯೂಟರುಗಳನ್ನು ಹಗಲಿರುಳು ದುಡಿಸುತ್ತಿದ್ದರು. 1994ರ ಮಾರ್ಚಿಯಲ್ಲಿ ಪೆಂಟಿಯಂ ಅಳವಡಿಸಿದ ಹೊಸ ಯಂತ್ರವೊಂದು ಆ ದುಡಿಮೆಗೆ ಸೇರಿತು. ಜೂನ್ ತಿಂಗಳಲ್ಲಿ ಲೆಕ್ಕ ತಾಳೆಯಾಗದೆ ಹೋಯಿತು.

ಇಲ್ಲಿ ಗಮನಿಸಬೇಕಾದುದು ಪ್ರಾಧ್ಯಾಪಕರ ನಡವಳಿಕೆ. ಯಂತ್ರವನ್ನು ದೂಷಿಸುವ ಮೊದಲು ಅವರು ತಮ್ಮ ಪ್ರೋಗ್ರಾಮನ್ನೇ ಶಂಕಿಸಿದರು. ಅದು ಸರಿಯಾಗಿದೆಯೆಂದು ಖಾತರಿಯಾದ ಮೇಲೆ, ಅದನ್ನು ಯಂತ್ರದ ಭಾಷೆಗೆ ಪರಿವರ್ತಿಸುವ ತಂತ್ರಾಂಶವನ್ನು ಪರೀಕ್ಷಿಸಿದರು. ಅನಂತರ ಯಂತ್ರದ ಇತರ ಭಾಗಗಳನ್ನು ಒಂದೊಂದಾಗಿ ನೋಡಿದರು. ಹೀಗೆ ನಾಲ್ಕು ತಿಂಗಳು ಕಳೆದುವು. ಕೊನೆಗೆ ಉಳಿದುದು ಚಿಪ್ ಒಂದೇ. 824633702441 ಎಂಬ ಸಂಖ್ಯೆಯಿಂದ 1ನ್ನು ಭಾಗಿಸಿದಾಗ ಹಿಂದಿನ ತಲೆಮಾರಿನ 486 ಚಿಪ್ ಸರಿಯಾದ ಉತ್ತರ ಕೊಡುತ್ತಿತ್ತು. ಅದಕ್ಕಿಂತ ಹೆಚ್ಚು ಬೆಲೆಯ ಪೆಂಟಿಯಂ ತಪ್ಪುತ್ತಿತ್ತು. ಬೇರೆ ಪೆಂಟಿಯಂ ಯಂತ್ರಗಳಲ್ಲಿಯೂ ಅದೇ ತಪ್ಪು ಮರುಕಳಿಸಿತು.

ಅಕ್ಟೋಬರ್ 24ರಂದು ಅವರು ಸಂಸ್ಥೆಗೆ ವಿಷಯ ತಿಳಿಸಿದರು. ಸಮಾಧಾನಕರವಾದ ಉತ್ತರ ಬಾರದಿರಲು, ಅಕ್ಟೋಬರ್ 30ರಂದು ತಮಗೆ ಗೊತ್ತಿದ್ದ ಕೆಲವರಿಗೆ ಮಿಂಚಂಚೆ ಬರೆದರು. ಆ ಪತ್ರದ ಸಾರ ಇಷ್ಟೆ: ತಪ್ಪು ಇಂತಹುದು, ಕಂಡುಬಂದ ಬಗೆ ಇಂತಹುದು, ನಿಮ್ಮ ಯಂತ್ರದಲ್ಲಿಯೂ ಮಾಡಿ ನೋಡಿ ತಿಳಿಸಿ. ಅಂತರಜಾಲ ಆಗಿನ್ನೂ ಎಳೆಯ ಕೂಸು. ಆದರೂ ಪತ್ರ ಕೈಯಿಂದ ಕೈಗೆ ದಾಟಿ, ಕೆಲವೇ ದಿನಗಳಲ್ಲಿ ದೇಶದೇಶಗಳ ಕಂಪ್ಯೂಟರ್ ಬಳಕೆದಾರರ ಚರ್ಚೆಯ ವಸ್ತುವಾಯಿತು.

ಹೀಗೆ ಚರ್ಚೆ ನಡೆಯುತ್ತಿದ್ದಾಗ ಬಹುಮಂದಿಗೆ ತಿಳಿಯದಿದ್ದ ಸಂಗತಿಯೊಂದಿತ್ತು. ಇಂಟೆಲ್ಲಿನ ಸ್ವಂತ ಪರೀಕ್ಷಕರೇ ಆ ವರ್ಷದ ಬೇಸಗೆಯಲ್ಲಿ ಇದೇ ದೋಷವನ್ನು ಕಂಡುಹಿಡಿದಿದ್ದರು. ಮುಂದೆ ತಯಾರಾಗುವ ಚಿಪ್‌ಗಳಲ್ಲಿ ತಿದ್ದಿದರೆ ಸಾಕೆಂದು ಸಂಸ್ಥೆ ನಿಶ್ಚಯಿಸಿತ್ತು. ಈಗಾಗಲೇ ಕೊಂಡವರಿಗೆ ತಿಳಿಸುವ ಅಗತ್ಯ ಅದಕ್ಕೆ ಕಂಡಿರಲಿಲ್ಲ.

ಮಗ್ಗಿಯಲ್ಲಿ ಐದು ಖಾಲಿ ಮನೆಗಳು

ಎಣಿಸುವುದಕ್ಕೆಂದೇ ಹುಟ್ಟಿದ ಯಂತ್ರ ಭಾಗಾಕಾರದಲ್ಲಿ ತಪ್ಪುವುದೆಂತು? ಶಾಲೆಯ ಮಕ್ಕಳು ದೊಡ್ಡ ಭಾಗಾಕಾರ ಮಾಡುವ ರೀತಿಯನ್ನು ನೆನೆದರೆ ಉತ್ತರ ಸುಲಭವಾಗಿ ತಿಳಿಯುತ್ತದೆ. ಮಗುವು ಭಾಜ್ಯದ ಮೊದಲ ಕೆಲವು ಅಂಕಿಗಳನ್ನು ನೋಡಿ, ಭಾಜಕ ಎಷ್ಟು ಸಲ ಹೋದೀತೆಂದು ಮಗ್ಗಿಯ ಬಲದಿಂದ ಊಹಿಸುತ್ತದೆ, ಗುಣಿಸಿ ಕಳೆಯುತ್ತದೆ, ಉಳಿದುದಕ್ಕೆ ಮುಂದಿನ ಅಂಕಿಯನ್ನು ಇಳಿಸಿಕೊಂಡು ಮತ್ತೆ ಊಹಿಸುತ್ತದೆ. ಪೆಂಟಿಯಂ ಮಾಡುತ್ತಿದ್ದುದೂ ಬಹುಮಟ್ಟಿಗೆ ಇದನ್ನೇ. 1950ರ ದಶಕದ ಕೊನೆಯಲ್ಲಿ ಸ್ವೀನಿ, ರಾಬರ್ಟ್‌ಸನ್, ಟೋಕರ್ ಎಂಬ ಮೂವರು ಬೇರೆಬೇರೆಯಾಗಿ ಕಂಡುಕೊಂಡ ವಿಧಾನವೊಂದನ್ನು ಅದು ಅನುಸರಿಸುತ್ತಿತ್ತು. ಪ್ರತಿ ಹೆಜ್ಜೆಯಲ್ಲಿಯೂ ಮುಂದಿನ ಅಂಕಿ ಯಾವುದೆಂದು ಊಹಿಸಲು ಅದರೊಳಗೆ 2048 ಮನೆಗಳ ಕೋಷ್ಟಕವೊಂದಿತ್ತು. ಅವುಗಳಲ್ಲಿ 1066 ಮನೆಗಳಲ್ಲಿ ಅಂಕಿಗಳಿರಬೇಕಾಗಿತ್ತು. ಇದೇ ಅದರ ಮಗ್ಗಿ.

ಈ ಮಗ್ಗಿಯ ಐದು ಮನೆಗಳಲ್ಲಿ 2 ಇರಬೇಕಾದೆಡೆ ಸೊನ್ನೆಯಿತ್ತು. ಲೆಕ್ಕದ ದಾರಿ ಆ ಮನೆಗಳನ್ನು ಮುಟ್ಟುವುದು ಬಹು ಅಪರೂಪ. ಮುಟ್ಟಿದಾಗ ಮಾತ್ರ ಉತ್ತರ ಹಾದಿ ತಪ್ಪುತ್ತಿತ್ತು. 2024ರಲ್ಲಿ ಕೆನ್ ಶಿರಿಫ್ ಎಂಬ ತಜ್ಞರು ಹಳೆಯ ಪೆಂಟಿಯಂ ಒಂದನ್ನು ಬಿಚ್ಚಿ ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದಾಗ, ನಿಜವಾಗಿ ಬಿಟ್ಟುಹೋಗಿದ್ದ ಮನೆಗಳು 16 ಎಂದೂ, ಅವುಗಳಲ್ಲಿ 11 ಯಾವ ಲೆಕ್ಕಕ್ಕೂ ಸಿಕ್ಕದೆ ನಿರಪಾಯವಾಗಿದ್ದವೆಂದೂ ತಿಳಿದುಬಂದಿತು.

1994ರಲ್ಲಿ ಇಂತಹ ಬಿಚ್ಚುವಿಕೆ ಬಳಕೆದಾರರಿಗೆ ಸಾಧ್ಯವಿರಲಿಲ್ಲ. ಆದರೂ ಟಿಮ್ ಕೋ ಎಂಬ ಚಿಪ್ ವಿನ್ಯಾಸಕಾರರು, ಇತರರು ಒದಗಿಸಿದ ತಪ್ಪು ಲೆಕ್ಕಗಳ ಪಟ್ಟಿಯೊಂದರಿಂದಲೇ ಒಳಗಿನ ಸ್ಥಿತಿಯನ್ನು ತರ್ಕಿಸಿ ಹೇಳಿದರು. ಹೊಗೆಯನ್ನು ಕಂಡು ಬೆಂಕಿಯ ಗಾತ್ರವನ್ನೂ ಹೇಳಿದಂತೆ! ಅಷ್ಟೇ ಅಲ್ಲದೆ, ದೋಷ ಎದ್ದು ಕಾಣುವ ಒಂದು ಜೋಡಿ ಸಂಖ್ಯೆಗಳನ್ನೂ ಹುಡುಕಿಕೊಟ್ಟರು. 4195835ನ್ನು 3145727ರಿಂದ ಭಾಗಿಸಿದರೆ 1.33382 ಎಂದು ಬರಬೇಕು. ಪೆಂಟಿಯಂ ಕೊಡುತ್ತಿದ್ದ ಉತ್ತರ 1.33374. ಬಂದ ಉತ್ತರವನ್ನು ಪುನಃ 3145727ರಿಂದ ಗುಣಿಸಿ, 4195835ರಿಂದ ಕಳೆದರೆ ಏನೂ ಉಳಿಯಬಾರದಷ್ಟೆ? ಪೆಂಟಿಯಂನಲ್ಲಿ 256 ಉಳಿಯುತ್ತಿತ್ತು.

ಇಡೀ ಪ್ರಕರಣದ ತಿರುವು ಇಲ್ಲಿಯೇ. ಅವಳಿ ಅವಿಭಾಜ್ಯಗಳ ವಿಚಾರ ಗಣಿತಜ್ಞರಿಗೆ ಮಾತ್ರ ಸಲ್ಲುವಂತಹುದು. ಆದರೆ 256ರ ಪರೀಕ್ಷೆಯನ್ನು ಗುಮಾಸ್ತನೂ ಮಾಡಬಹುದು, ಗೃಹಿಣಿಯೂ ಮಾಡಬಹುದು, ಶಾಲೆಯ ಹುಡುಗನೂ ಮಾಡಬಹುದು. ಯಾರ ಮಾತನ್ನೂ ನಂಬಬೇಕಾದ ಅಗತ್ಯ ಉಳಿಯಲಿಲ್ಲ.

27,000 ವರ್ಷಗಳೋ, 24 ದಿನಗಳೋ?

ನವೆಂಬರ್ 7ರಂದು ಇಲೆಕ್ಟ್ರಾನಿಕ್ ಉದ್ಯಮದ ಪತ್ರಿಕೆಯೊಂದು ಈ ವಾರ್ತೆಯನ್ನು ಅಚ್ಚು ಹಾಕಿತು. ತಿಂಗಳು ಮುಗಿಯುವುದರೊಳಗಾಗಿ ದೂರದರ್ಶನ ಸಂಸ್ಥೆಗಳೂ ದಿನಪತ್ರಿಕೆಗಳೂ ಅದನ್ನು ಎತ್ತಿಕೊಂಡವು. ಇಂಟೆಲ್ಲಿನ ಉತ್ತರ ಗಣಿತದ ದೃಷ್ಟಿಯಿಂದ ಶಿಸ್ತಾಗಿಯೇ ಇತ್ತು. ತೋಚಿದ ಸಂಖ್ಯೆಗಳನ್ನು ಭಾಗಿಸುತ್ತ ಹೋದರೆ 900 ಕೋಟಿ ಭಾಗಾಕಾರಗಳಲ್ಲಿ ಒಂದು ಮಾತ್ರ ತಪ್ಪಾದೀತು. ದಿನಕ್ಕೆ ಸುಮಾರು ಒಂದು ಸಾವಿರ ಭಾಗಾಕಾರ ಮಾಡುವ ಸಾಮಾನ್ಯ ಬಳಕೆದಾರನಿಗೆ ಇದು 27,000 ವರ್ಷಗಳಿಗೊಮ್ಮೆ ಎದುರಾದೀತು. ಆದುದರಿಂದ, ಸೂಕ್ಷ್ಮವಾದ ಲೆಕ್ಕಗಳನ್ನು ಮಾಡುವವರು ತಮ್ಮ ಕೆಲಸದ ಸ್ವರೂಪವನ್ನು ವಿವರಿಸಿದರೆ, ಅವಶ್ಯಕವೆಂದು ಕಂಡವರಿಗೆ ಮಾತ್ರ ಸಂಸ್ಥೆಯು ಚಿಪ್ ಬದಲಾಯಿಸಿಕೊಡುವುದು—ಇದು ಅದರ ನಿಲುವು.

ಡಿಸೆಂಬರ್ 12ರಂದು ಐಬಿಎಂ ಸಂಸ್ಥೆಯು ಪೆಂಟಿಯಂ ಕಂಪ್ಯೂಟರುಗಳ ರವಾನೆಯನ್ನು ನಿಲ್ಲಿಸಿ ಬೇರೊಂದು ಲೆಕ್ಕವನ್ನು ಮುಂದಿಟ್ಟಿತು. ಆಫೀಸಿನ ಲೆಕ್ಕಪತ್ರಗಳಲ್ಲಿ ಬರುವ ಸಂಖ್ಯೆಗಳು ತೋಚಿದಂತಹವಲ್ಲ; ದಿನಕ್ಕೆ ಹದಿನೈದು ನಿಮಿಷ ಮಾತ್ರ ಲೆಕ್ಕ ಮಾಡಿದರೂ 24 ದಿನಗಳಿಗೊಮ್ಮೆ ತಪ್ಪು ತಲೆದೋರಬಹುದು ಎಂದು ಅದರ ವಾದ. ಐಬಿಎಂ ಸಹ ಬೇರೊಂದು ಜಾತಿಯ ಚಿಪ್‌ನಲ್ಲಿ ಪಾಲುಳ್ಳ ಪ್ರತಿಸ್ಪರ್ಧಿಯೇ ಆಗಿದ್ದಿತೆಂಬುದನ್ನು ಮರೆಯುವಂತಿಲ್ಲ. ಎರಡು ಲೆಕ್ಕಗಳೂ ತಮ್ಮ ತಮ್ಮ ಊಹೆಗಳ ಮೇಲೆ ನಿಂತವು. ಊಹೆ ಬದಲಾದರೆ 27,000 ವರ್ಷಗಳು 24 ದಿನಗಳಿಗೆ ಇಳಿಯುತ್ತವೆಯೆಂದ ಮೇಲೆ, ಕೊಂಡವನು ಯಾವುದನ್ನು ನೆಚ್ಚಬೇಕು?

ಜನಸಾಮಾನ್ಯರ ಮಾತು ಮಾತ್ರ ಊಹೆಗಳ ಗೊಡವೆಗೆ ಹೋಗಲಿಲ್ಲ. ನೂರಾರು ಡಾಲರ್ ಬೆಲೆಯ ಹೊಸ ವಸ್ತು ಸರಿಯಿಲ್ಲವೆಂದು ತಯಾರಕನೇ ಒಪ್ಪಿದ್ದಾನೆ. ಒಪ್ಪಿಯೂ ಬದಲಿ ಕೊಡಲು ತಮ್ಮ ಯೋಗ್ಯತೆಯನ್ನು ವಿಚಾರಿಸುತ್ತಿದ್ದಾನೆ—ಇದು ಅವರ ಕೋಪಕ್ಕೆ ಕಾರಣ. ಕೋಪದೊಂದಿಗೆ ಹಾಸ್ಯವೂ ಸೇರಿತು. 486ರ ಅನಂತರದ ಚಿಪ್‌ಗೆ 586 ಎಂದೇಕೆ ಹೆಸರಿಡಲಿಲ್ಲ? 486ಕ್ಕೆ 100 ಕೂಡಿಸಿದಾಗ 585.999983605 ಬಂದಿತಂತೆ! ಇಂತಹ ನಗೆಮಾತುಗಳು ಜಾಹೀರಾತಿಗಿಂತಲೂ ವೇಗವಾಗಿ ಹರಡಿದುವು. ಅತಿಶಯೋಕ್ತಿಯೂ ಇಲ್ಲದಿರಲಿಲ್ಲ, ಪತ್ರ ಬರೆಯಲು ಮಾತ್ರ ಕಂಪ್ಯೂಟರನ್ನು ಬಳಸುತ್ತಿದ್ದವರೂ ತಮ್ಮ ಸರ್ವಸ್ವವೂ ಹೋಯಿತೆಂಬಂತೆ ಕೂಗಾಡಿದುದುಂಟು. ಆದರೆ ಕೂಗಿನ ಕೆಳಗೆ 256 ಎಂಬ ಗಟ್ಟಿ ನೆಲವಿದ್ದುದರಿಂದ ಅದನ್ನು ಗುಲ್ಲೆಂದು ತಳ್ಳಿಹಾಕುವುದು ಸಾಧ್ಯವಾಗಲಿಲ್ಲ.

47 ಕೋಟಿ 50 ಲಕ್ಷ ಡಾಲರುಗಳ ಪಾಠ

ಇಂಟೆಲ್ಲಿನ ಮುಖ್ಯಸ್ಥರಾಗಿದ್ದ ಆಂಡ್ರೂ ಗ್ರೋವ್ ಅವರು ಹಂಗೆರಿಯಿಂದ ವಲಸೆ ಬಂದು ಸ್ವಸಾಮರ್ಥ್ಯದಿಂದ ಮೇಲೇರಿದ ಇಂಜಿನಿಯರು. ಲೆಕ್ಕ ತಮ್ಮ ಕಡೆಗಿದೆಯೆಂಬ ವಿಶ್ವಾಸದಿಂದ ಅವರು ಕೆಲವು ವಾರ ಬಿಗಿಯಾಗಿಯೇ ನಿಂತರು. 1994ನೆಯ ಡಿಸೆಂಬರ್ 20ರಂದು ಆ ಬಿಗಿ ಸಡಿಲಿತು. ಯಾವ ಪ್ರಶ್ನೆಯನ್ನೂ ಕೇಳದೆ, ಬಯಸಿದವರೆಲ್ಲರಿಗೂ ಉಚಿತವಾಗಿ ಚಿಪ್ ಬದಲಾಯಿಸಿಕೊಡುವುದಾಗಿ ಸಂಸ್ಥೆ ಸಾರಿತು. ತನ್ನ ಹಿಂದಿನ ಧೋರಣೆಗಾಗಿ ಕ್ಷಮೆಯನ್ನೂ ಕೋರಿತು. 1995ರ ಜನವರಿ 17ರಂದು ಈ ಬಾಬಿಗೆ ಅದು ತೆಗೆದಿರಿಸಿದ ಮೊತ್ತ 47 ಕೋಟಿ 50 ಲಕ್ಷ ಡಾಲರ್. ಐದು ಖಾಲಿ ಮನೆಗಳಿಗೆ ಹಂಚಿದರೆ ಮನೆಯೊಂದಕ್ಕೆ ಒಂಬತ್ತೂವರೆ ಕೋಟಿ!

ವಿಸ್ಮಯದ ಸಂಗತಿ ಇದಾದ ಮೇಲಿನದು. ಬಾಗಿಲು ತೆರೆದಾಗ, ಮನೆಬಳಕೆಗೆ ಕಂಪ್ಯೂಟರ್ ಕೊಂಡಿದ್ದವರಲ್ಲಿ ಬಹುಪಾಲು ಜನ ಬದಲಿ ಕೇಳಲು ಹೋಗಲೇ ಇಲ್ಲ. ದೋಷ ತಮ್ಮ ಕೆಲಸಕ್ಕೆ ಅಡ್ಡಿಯಲ್ಲವೆಂದು ಅವರೇ ತೀರ್ಮಾನಿಸಿ ಹಳೆಯ ಚಿಪ್‌ನಲ್ಲಿಯೇ ತೃಪ್ತರಾದರು. ಇಂಟೆಲ್ ಮೊದಲಿನಿಂದ ಹೇಳುತ್ತಿದ್ದುದೂ ಇದೇ ಮಾತಲ್ಲವೆ? ಹೌದು. ಆದರೆ ತೀರ್ಮಾನ ಯಾರದೆಂಬುದರಲ್ಲಿ ವ್ಯತ್ಯಾಸವಿದೆ. ಊಟಕ್ಕೆ ಕುಳಿತವನು ‘ಸಾಕು’ ಎಂದರೆ ಅದು ತೃಪ್ತಿ. ಬಡಿಸುವವನೇ ‘ನಿನಗಿಷ್ಟು ಸಾಕು’ ಎಂದರೆ ಅದು ಅಪಮಾನ. ತಯಾರಕರಿಗೆ ಚಿಪ್ ಮಾರಿ ಅಭ್ಯಾಸವಿದ್ದ ತಮ್ಮ ಸಂಸ್ಥೆಗೆ ಬಳಕೆದಾರರೊಡನೆ ನೇರವಾಗಿ ವ್ಯವಹರಿಸುವ ರೀತಿ ತಿಳಿದಿರಲಿಲ್ಲವೆಂಬ ಅರ್ಥದ ಮಾತನ್ನು ಗ್ರೋವ್ ಅವರು 1996ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಮೂವತ್ತು ವರ್ಷಗಳ ಅನಂತರ

ಪೆಂಟಿಯಂನ ದೋಷ ಸಿಲಿಕಾನಿನಲ್ಲಿ ಕೊರೆದ ದೋಷ; ಚಿಪ್ ಕಿತ್ತು ಬೇರೊಂದನ್ನು ಕೂರಿಸುವುದೊಂದೇ ಅದಕ್ಕೆ ಪೂರ್ಣ ಪರಿಹಾರ. ಅನಂತರ ಬಂದ ಚಿಪ್‌ಗಳಲ್ಲಿ ಕೆಲವು ಬಗೆಯ ತಪ್ಪುಗಳನ್ನು ತಂತ್ರಾಂಶದಿಂದಲೇ ತಿದ್ದುವ ವ್ಯವಸ್ಥೆಯುಂಟು. ಇದು ಅನುಕೂಲ, ಅಪಾಯವೂ ಅಹುದು. 2018ರ ಜನವರಿ 3ರಂದು ‘ಮೆಲ್ಟ್‌ಡೌನ್’, ‘ಸ್ಪೆಕ್ಟರ್’ ಎಂಬ ಎರಡು ನ್ಯೂನತೆಗಳು ಬಯಲಾದವು. ಗುಟ್ಟಿನ ಮಾಹಿತಿಯನ್ನು ಕದಿಯಲು ಎಡೆಕೊಡುತ್ತಿದ್ದ ಆ ನ್ಯೂನತೆಗಳು ಇಂಟೆಲ್ ಮಾತ್ರವಲ್ಲದೆ ಬೇರೆ ತಯಾರಕರ ಚಿಪ್‌ಗಳನ್ನೂ ತಟ್ಟಿದುವು. ಈ ಸಲ ಚಿಪ್ ಬದಲಾವಣೆಯ ಮಾತು ಬರಲಿಲ್ಲ. ಇಂಟರ್‌ನೆಟ್ ಮೂಲಕ ತಿದ್ದುಪಡಿಗಳು ಬಂದವು. ಅವುಗಳಿಂದ ಕೆಲವು ಕೆಲಸಗಳ ವೇಗ ತಗ್ಗಿತು. ಕೊಟ್ಟ ಹಣಕ್ಕೆ ಬಂದಿದ್ದ ವೇಗದಲ್ಲಿ ಒಂದಂಶ ಸದ್ದಿಲ್ಲದೆ ಕೈಬಿಟ್ಟುಹೋಯಿತು.

2024ರಲ್ಲಿ ಮತ್ತೊಂದು ಪ್ರಸಂಗ ನಡೆಯಿತು. ಇಂಟೆಲ್ಲಿನ 13 ಮತ್ತು 14ನೆಯ ತಲೆಮಾರಿನ ಕೆಲವು ಮೇಜುಗಣಕದ ಚಿಪ್‌ಗಳು ಕಾರಣವಿಲ್ಲದೆ ಕುಸಿಯುತ್ತಿವೆಯೆಂದು ಕಂಪ್ಯೂಟರ್ ಆಟಗಳನ್ನು ಆಡುವವರೂ ಅವುಗಳನ್ನು ತಯಾರಿಸುವವರೂ ದೂರುತ್ತಿದ್ದರು. ಚಿಪ್ ತಾನೇ ಅಗತ್ಯಕ್ಕಿಂತ ಹೆಚ್ಚು ವಿದ್ಯುತ್ ಒತ್ತಡವನ್ನು ಬೇಡುತ್ತಿರುವುದು ಇದಕ್ಕೆ ಕಾರಣವೆಂದು ಸಂಸ್ಥೆಯು ಜುಲೈ ತಿಂಗಳಲ್ಲಿ ಪ್ರಕಟಿಸಿತು. ಆಗಸ್ಟಿನಲ್ಲಿ ತಿದ್ದುಪಡಿ ಬಂದಿತು. ಅದರಿಂದ ಮುಂದಿನ ಹಾನಿ ತಡೆಯಬಹುದಾಗಿತ್ತೇ ವಿನಾ, ಆಗಲೇ ಸವೆದಿದ್ದ ಚಿಪ್ ಸುಧಾರಿಸುವಂತಿರಲಿಲ್ಲ. ಆದ ಕಾರಣ ಮೂರು ವರ್ಷಗಳ ವಾರಂಟಿಗೆ ಇನ್ನೆರಡು ವರ್ಷಗಳನ್ನು ಸೇರಿಸಲಾಯಿತು. ಇಲ್ಲಿಯೂ ಪರಿಹಾರಕ್ಕೆ ಹಾದಿ ಮಾಡಿದುದು ಬಳಕೆದಾರರು ಒಬ್ಬರಿಗೊಬ್ಬರು ಹೋಲಿಸಿ ನೋಡಿದ ಅನುಭವ.

ದೂರಿಗೂ ಒಂದು ಧರ್ಮವುಂಟು

ಪೆಂಟಿಯಂ ಗದ್ದಲ ನಡೆದಾಗ ಭಾರತದ ಸಂಸಾರಗಳಲ್ಲಿ ಕಂಪ್ಯೂಟರ್ ವಿರಳ. ಸಾರ್ವಜನಿಕರಿಗೆ ಇಲ್ಲಿ ಇಂಟರ್‌ನೆಟ್ ದೊರೆತುದೇ 1995ನೆಯ ಆಗಸ್ಟ್ 15ರಂದು. ಈಗ ಮನೆಯಲ್ಲಿ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಗಣಕವಿದೆ. ಮೊಬೈಲ್ ಅದಲ್ಲದೆ ಮತ್ತೇನು? ಹೊಸ ಸರಕಿನ ಸುದ್ದಿ ಬಂದ ಗಳಿಗೆಯಲ್ಲಿಯೇ ಹೊಗಳಿಕೆ ತೆಗಳಿಕೆಗಳ ಮಳೆ ಸುರಿಯುತ್ತದೆ. ‘ಈ ಕಂಪನಿಯೇ ಮೋಸ’ ಎನ್ನುವವರೂ, ‘ನನ್ನದು ಚೆನ್ನಾಗಿದೆ, ನಿನಗೆ ಬಳಸಲು ಬಾರದು’ ಎನ್ನುವವರೂ ಸೇರಿ ಎಬ್ಬಿಸುವ ಧೂಳಿನಲ್ಲಿ ನಿಜವಾದ ದೋಷ ಮರೆಯಾಗುವುದೇ ಹೆಚ್ಚು. ಬೈಗುಳಕ್ಕೆ ಯಾವ ಸಂಸ್ಥೆಯೂ ಅಂಜುವುದಿಲ್ಲ. ನಾಳೆ ಇನ್ನೊಂದು ಸುದ್ದಿ ಬಂದಾಗ ಬೈಗುಳ ಅತ್ತ ತಿರುಗುವುದೆಂದು ಅದಕ್ಕೆ ಗೊತ್ತು.

ನೈಸ್ಲಿಯವರ ಪತ್ರ ಗೆದ್ದುದು ಬೇರೆಯ ಗುಣದಿಂದ. ಯಾವ ಯಂತ್ರ, ಯಾವ ಕೆಲಸ, ಏನು ಬರಬೇಕಾಗಿತ್ತು, ಏನು ಬಂದಿತು, ಬೇರೆ ಯಂತ್ರದಲ್ಲಿ ಮಾಡಿದಾಗ ಏನಾಯಿತು—ಈ ಐದು ಸಂಗತಿಗಳು ಅದರಲ್ಲಿದ್ದವು. ಓದಿದವರು ಪರೀಕ್ಷಿಸಿ ಅಹುದೆನ್ನಬಹುದಾಗಿತ್ತು, ಅಲ್ಲವೆನ್ನಲೂಬಹುದಾಗಿತ್ತು. ಮೊಬೈಲು ಬಿಸಿಯಾದರೂ, ತಿದ್ದುಪಡಿಯ ಮಾರನೆಯ ದಿನ ಟೆಲಿವಿಷನ್ ಮಂಕಾದರೂ, ಬ್ಯಾಟರಿ ಮಧ್ಯಾಹ್ನಕ್ಕೇ ಬರಿದಾದರೂ ಬರೆದಿಡಬೇಕಾದುದು ಈ ಐದು ಸಂಗತಿಗಳೇ. ದಿನಾಂಕವನ್ನೂ ರಸೀತಿಯನ್ನೂ ಜೊತೆಗಿಟ್ಟರೆ ಅದೇ ದೂರು ಕಾನೂನಿನ ಕಟ್ಟೆಯನ್ನೂ ಹತ್ತಬಲ್ಲದು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾನೂನು ವಸ್ತುವಿನ ಗುಣಮಟ್ಟದಲ್ಲಿ ಕಂಡುಬರುವ ಯಾವುದೇ ಕೊರತೆಯನ್ನು ದೋಷವೆಂದು ಗಣಿಸುತ್ತದೆ. ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕನನ್ನು ಹೊಣೆ ಮಾಡಲು ಅವಕಾಶ ಕಲ್ಪಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಥಾಮಸ್ ನೈಸ್ಲಿಯವರು 2019ರಲ್ಲಿ ತೀರಿಕೊಂಡರು. ಬಲಾಢ್ಯ ಸಂಸ್ಥೆಯೊಂದನ್ನು ಮಣಿಸಬೇಕೆಂಬ ಹಂಬಲ ಅವರಿಗೆಂದೂ ಇದ್ದಿಲ್ಲ. ಅವರಿಗೆ ಬೇಕಾಗಿದ್ದುದು ಒಂದು ಭಾಗಾಕಾರದ ಸರಿಯಾದ ಉತ್ತರ. ಅದು ದೊರೆಯುವ ತನಕ ಕೇಳುವುದನ್ನು ಅವರು ಬಿಡಲಿಲ್ಲ. ಕೇಳುವ ಮುನ್ನ ತಮ್ಮ ಲೆಕ್ಕವನ್ನು ತಿರುಗಿ ನೋಡುವುದನ್ನೂ ಮರೆಯಲಿಲ್ಲ.